ಪೆಟ್ಟಿಗೆಯ ಮೇಲೆ 525 ಎಂದು ಅಚ್ಚು ಹಾಕಿಸುವವರಿಗೆ

ಟೆಲಿಸ್ಕೋಪ್ ತಯಾರಿಸುವ, ತರಿಸುವ, ಮಾರುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೆಲವೇ ಸಾವಿರ ರೂಪಾಯಿಗೆ ಸಿಗುವ ನಿಮ್ಮ ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಬಾಹ್ಯಾಕಾಶ ನೌಕೆ ಹತ್ತಿರ ಹೋಗಿ ತೆಗೆದ ಶನಿಗ್ರಹದ ಚಿತ್ರ. ಇನ್ನೊಂದು, ದಪ್ಪ ಅಕ್ಷರದಲ್ಲಿ 525 ಎಂಬ ಅಂಕಿ. ಬಿಚ್ಚಿ ನೋಡಿದರೆ ಒಳಗಿರುವುದು 76 ಮಿ.ಮೀ. ಕನ್ನಡಿಯ, 700 ಮಿ.ಮೀ. ಸಂಗಮ ದೂರದ ಕೊಳವೆ, 20 ಮಿ.ಮೀ. ಮತ್ತು 4 ಮಿ.ಮೀ. ಐಪೀಸುಗಳು; ಜೊತೆಗೆ ವರ್ಧನೆ ಹೆಚ್ಚಿಸಲೆಂದು, ‘3ಎಕ್ಸ್’ ಎಂದು ಬರೆದ ಒಂದು ಬಾರ್ಲೋ ಲೆನ್ಸ್. ಸಂಗಮ ದೂರ 700ನ್ನು ಐಪೀಸಿನ 4ರಿಂದ ಭಾಗಿಸಿದರೆ 175 ಪಟ್ಟು ವರ್ಧನೆ. ಅದನ್ನು ಬಾರ್ಲೋದ 3ರಿಂದ ಗುಣಿಸಿದರೆ 525. ಗುಣಾಕಾರದಲ್ಲಿ ತಪ್ಪಿಲ್ಲ. ಆ ಗುಣಾಕಾರವನ್ನು ನಂಬಿ ಹತ್ತು ವರ್ಷದ ಮಗುವೊಂದು ತಾರಸಿ ಹತ್ತುತ್ತದಲ್ಲ, ಈ ಪತ್ರ ಅದರ ಸಲುವಾಗಿ.

ಶಾಲೆಗಳಲ್ಲಿ, ಬಡಾವಣೆಗಳಲ್ಲಿ ನಡೆಯುವ ಆಕಾಶ ವೀಕ್ಷಣೆಗೆ ನಾನು ಹೋಗುತ್ತಿರುತ್ತೇನೆ. ಅಲ್ಲಿಗೆ ಯಾರಾದರೂ ಒಬ್ಬ ತಂದೆ ನಿಮ್ಮ ಟೆಲಿಸ್ಕೋಪನ್ನು ಹೊತ್ತು ತರುತ್ತಾರೆ. “ಸರ್, ಇದರಲ್ಲಿ ಏನೂ ಕಾಣ್ತಾ ಇಲ್ಲ, ಸ್ವಲ್ಪ ನೋಡ್ತೀರಾ?” ಎಂದು ಕೇಳುತ್ತಾರೆ. ನೋಡಿದರೆ ಬಹುತೇಕ ಒಂದೇ ಕಥೆ: ಕೊಳವೆಯಲ್ಲಿ ಬಾರ್ಲೋ, ಬಾರ್ಲೋದ ಮೇಲೆ 4 ಮಿ.ಮೀ. ಐಪೀಸು. ಪೆಟ್ಟಿಗೆ ಅದನ್ನೇ ಅಲ್ಲವೇ ಹೇಳಿದ್ದು? ಅತಿ ಹೆಚ್ಚು ಅಂದರೆ ಅತಿ ಒಳ್ಳೆಯದು ಎಂದು ಅವರು ತಿಳಿದದ್ದರಲ್ಲಿ ಅವರ ದೋಷ ಏನೂ ಇಲ್ಲ. ಎರಡನ್ನೂ ತೆಗೆದು 20 ಮಿ.ಮೀ. ಐಪೀಸನ್ನು ಮಾತ್ರ ಹಾಕಿ, ಚಂದ್ರನ ಮೇಲೆ ಬೆಳಕು-ಕತ್ತಲೆ ಸೇರುವ ಗೆರೆಯತ್ತ ತಿರುಗಿಸಿ ಕೊಡುತ್ತೇನೆ. ಮಗು ಕಣ್ಣಿಟ್ಟ ಮೇಲೆ ತೆಗೆಯುವುದಿಲ್ಲ. ಅಪ್ಪ ಹಿಂದೆ ನಿಂತು “ನನಗೂ ಬಿಡೋ” ಅನ್ನುತ್ತಾರೆ. ಅದು 35 ಪಟ್ಟು ಮಾತ್ರ. ಆದರೆ ಹೀಗೆ ಯಾರನ್ನಾದರೂ ಕೇಳುವ ಅವಕಾಶ ಸಿಗದ ಮನೆಗಳೇ ಹೆಚ್ಚು. ಅಲ್ಲಿ ಟೆಲಿಸ್ಕೋಪು ಒಂದು ವಾರದಲ್ಲಿ ಅಟ್ಟ ಸೇರುತ್ತದೆ, ಆಕಾಶ ನೋಡುವುದು ತನ್ನಿಂದ ಆಗುವ ಕೆಲಸವಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದೆ. ನನ್ನ ಸಂಕಟ ಇರುವುದು ಅಲ್ಲಿ.

525ರಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಆ ವರ್ಧನೆಯಲ್ಲಿ ಕಾಣುವ ಆಕಾಶದ ತುಣುಕು ಸುಮಾರು 4 ಕಲೆಯಷ್ಟು (ಆರ್ಕ್‌ಮಿನಿಟ್) ಅಗಲ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಏಳೆಂಟರಲ್ಲಿ ಒಂದು ಪಾಲು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ವಿಕಲೆಯಷ್ಟು (ಆರ್ಕ್‌ಸೆಕೆಂಡ್) ಸರಿಯುತ್ತಲೇ ಇರುತ್ತದೆ. ಹಾಗಾಗಿ ಗುರುಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಿ ಮಾಯವಾಗಲು ಕಾಲು ನಿಮಿಷ ಸಾಕು. ಅಷ್ಟರಲ್ಲಿ ಫೋಕಸ್ ಗುಬ್ಬಿ ಮುಟ್ಟಿದರೆ ಸಾಕು, ನೀವು ಕೊಟ್ಟ ತೆಳು ಕಾಲಿನ ಟ್ರೈಪಾಡ್ ನಡುಗಿ ಗ್ರಹವೇ ಕುಣಿಯುತ್ತದೆ. ಇಷ್ಟಾಗಿಯೂ ಸಿಕ್ಕಿತು ಅನ್ನಿ. ಕಾಣುವುದು ಮಸುಕಾದ, ಮಂಕಾದ ಒಂದು ಉಂಡೆ. 35ರಿಂದ 525ಕ್ಕೆ ಏರಿಸಿದಾಗ ಚಿತ್ರ ಉದ್ದಕ್ಕೂ ಅಗಲಕ್ಕೂ 15 ಪಟ್ಟು ಹಿಗ್ಗುತ್ತದೆ, ಅದೇ ಬೆಳಕು 225 ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಒಂದು ಸೌಟು ಹಿಟ್ಟನ್ನು ಕಾವಲಿಯ ಅಂಚಿನವರೆಗೂ ಎಳೆದರೆ ದೋಸೆ ದೊಡ್ಡದಾಗುತ್ತದೆ, ಹಿಟ್ಟು ಹೆಚ್ಚಾಗುವುದಿಲ್ಲ. ಬೆಳಕನ್ನು ಹಿಡಿದು ತರುವುದು 76 ಮಿ.ಮೀ. ಕನ್ನಡಿ, ಬೇರೆ ಯಾವುದೂ ಅಲ್ಲ. ಬಾರ್ಲೋ ಆ ಬೆಳಕಿಗೆ ಒಂದು ಕಣವನ್ನೂ ಸೇರಿಸಲಾರದು.

ವಿವರವೂ ಅಷ್ಟೆ. ಕನ್ನಡಿಯ ವ್ಯಾಸ ಎಷ್ಟೋ ಅಷ್ಟೇ ಸೂಕ್ಷ್ಮ ಅದು ಬಿಡಿಸಿ ತೋರಿಸಬಲ್ಲದು. ಇದಕ್ಕೆ 19ನೆಯ ಶತಮಾನದ ಇಂಗ್ಲಿಷ್ ವೀಕ್ಷಕ ವಿಲಿಯಂ ರಟ್ಟರ್ ಡಾಸ್ ಕಂಡುಕೊಂಡ ಸೂತ್ರವೊಂದಿದೆ: 116ನ್ನು ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿದರೆ, ಎರಡು ನಕ್ಷತ್ರಗಳನ್ನು ಬೇರೆಬೇರೆಯಾಗಿ ಕಾಣಲು ನಡುವೆ ಇರಬೇಕಾದ ಕನಿಷ್ಠ ಅಂತರ ವಿಕಲೆಗಳಲ್ಲಿ ಸಿಗುತ್ತದೆ. 76ಕ್ಕೆ ಅದು ಸುಮಾರು ಒಂದೂವರೆ ವಿಕಲೆ. ಆ ಒಂದೂವರೆ ವಿಕಲೆಯನ್ನು ನಮ್ಮ ಕಣ್ಣಿಗೆ ಸಲೀಸಾಗಿ ಕಾಣುವಷ್ಟು ಹಿಗ್ಗಿಸಲು 150 ಪಟ್ಟು ಸಾಕು. ಮಿಲಿಮೀಟರಿನಲ್ಲಿರುವ ವ್ಯಾಸದ ಎರಡು ಪಟ್ಟು ಮೀರಬೇಡ ಎಂಬ ಹವ್ಯಾಸಿಗಳ ಮಾತು ಬಂದದ್ದು ಹೀಗೆ. ಅದರಾಚೆ ಹೋದರೆ ಮಸುಕೇ ದೊಡ್ಡದಾಗುತ್ತದೆ. ಐಪೀಸಿನಿಂದ ಹೊರಬರುವ ಬೆಳಕಿನ ಕಂಬಿಯೂ ಸಣ್ಣದಾಗುತ್ತ ಹೋಗುತ್ತದೆ. 525ರಲ್ಲಿ ಅದರ ದಪ್ಪ 0.15 ಮಿ.ಮೀ.ಗಿಂತ ಕಡಿಮೆ. ಅರ್ಧ ಮಿ.ಮೀ.ಗಿಂತ ಕೆಳಗಿಳಿದರೆ ಸಾಕು, ಕಣ್ಣೊಳಗೆ ತೇಲುವ ಕಣಗಳ ನೆರಳುಗಳೇ ಗ್ರಹದ ಮೇಲೆ ಹರಿದಾಡತೊಡಗುತ್ತವೆ. ನಿಮ್ಮ ಗ್ರಾಹಕರು ಎಷ್ಟೋ ಸಲ ನೋಡುತ್ತಿರುವುದು ತಮ್ಮ ಕಣ್ಣನ್ನೇ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಇದನ್ನು ನಿಮ್ಮ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ ನೋಡಿ.

ಇಷ್ಟು ಓದಿದವರಿಗೆ ನಾನು ಬಾರ್ಲೋ ಲೆನ್ಸಿನ ವಿರೋಧಿ ಎನಿಸಬಹುದು. ಅಲ್ಲ. ನನ್ನ ಐಪೀಸು ಡಬ್ಬಿಯಲ್ಲಿ ಅದು ಯಾವತ್ತೂ ಇರುತ್ತದೆ, ಮತ್ತು ಅದಕ್ಕೆ ಬರುತ್ತಿರುವ ಕೆಟ್ಟ ಹೆಸರನ್ನು ಕಂಡು ನನಗೆ ನೋವಿದೆ. ಯಾಕೆಂದರೆ ಅದನ್ನು ಮೊದಲು ಮಾಡಿದವರು ಬಹಳ ಎಚ್ಚರದಿಂದ ಮಾಡಿದ್ದರು.

ಪೀಟರ್ ಬಾರ್ಲೋ 1776ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದವನು. ಬಹುಮಟ್ಟಿಗೆ ತಾನೇ ಓದಿ ಕಲಿತು, 1801ರಲ್ಲಿ ವುಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಗಣಿತ ಪಾಠ ಹೇಳುವ ಕೆಲಸಕ್ಕೆ ಸೇರಿದ. 1ರಿಂದ 10,000ದವರೆಗಿನ ಸಂಖ್ಯೆಗಳ ವರ್ಗ, ಘನ, ವರ್ಗಮೂಲ, ಘನಮೂಲ, ವಿಲೋಮಗಳನ್ನು ಕೋಷ್ಟಕವಾಗಿ 1814ರಲ್ಲಿ ಪ್ರಕಟಿಸಿದ. ಲೆಕ್ಕ ಮಾಡುವವರು 20ನೆಯ ಶತಮಾನದಲ್ಲೂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಹಡಗಿನಲ್ಲಿರುವ ಕಬ್ಬಿಣ ದಿಕ್ಸೂಚಿಯನ್ನು ದಾರಿ ತಪ್ಪಿಸುವುದನ್ನು ಸರಿಪಡಿಸುವ ಉಪಾಯ ಕಂಡುಹಿಡಿದದ್ದಕ್ಕೆ 1825ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಅವನಿಗೆ ಬಂತು. ಒಂದು ಅಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯುತ್ತದೆ ಎಂದು ತಿಳಿದು ಕೆಲಸ ಮಾಡಿದ ಮನುಷ್ಯ ಅವನು. ಅವನ ಹೆಸರಿರುವ ಲೆನ್ಸನ್ನು ನೀವು 525 ಎಂಬ ಅಂಕಿಗೆ ಆಧಾರವಾಗಿ ನಿಲ್ಲಿಸಿದ್ದೀರಿ.

ಆ ಲೆನ್ಸಿನ ವಿವರಣೆ 1834ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಬರೆದವನು ಲಂಡನ್ನಿನ ಹೆಸರಾಂತ ಉಪಕರಣ ತಯಾರಕ ಜಾರ್ಜ್ ಡಾಲಂಡ್. ಆಗಿನ ಅಗತ್ಯ ಬೇರೆಯೇ ಇತ್ತು. ಅವಳಿ ನಕ್ಷತ್ರಗಳ ನಡುವಿನ ಅಂತರ ಅಳೆಯಲು ವೀಕ್ಷಕರು ಮೈಕ್ರೋಮೀಟರ್ ಬಳಸುತ್ತಿದ್ದರು. ಐಪೀಸಿನ ಫೋಕಸ್ಸಿನಲ್ಲಿ ಕೂದಲಿಗಿಂತ ತೆಳುವಾದ ಎಳೆಗಳು. ಒಂದೊಂದು ನಕ್ಷತ್ರದ ಮೇಲೆ ಒಂದೊಂದು ಎಳೆ ತಂದು ನಿಲ್ಲಿಸಿ, ತಿರುಪಿನ ಮೇಲಿನ ಅಂಕಿ ಓದಬೇಕು. ಹೆಚ್ಚು ವರ್ಧನೆಗೆಂದು ಬಲವಾದ ಐಪೀಸು ಹಾಕಿದರೆ ನಕ್ಷತ್ರದ ಜೊತೆಗೆ ಎಳೆಯೂ ದಪ್ಪವಾಗಿ ಕಂಡು ನಕ್ಷತ್ರವನ್ನೇ ಮುಚ್ಚುತ್ತಿತ್ತು. ಎಳೆಗಳಿಗಿಂತ ಮೊದಲೇ, ಬೆಳಕಿನ ದಾರಿಯಲ್ಲಿ ಒಂದು ನಿಮ್ನ ಮಸೂರವನ್ನಿಟ್ಟರೆ? ನಕ್ಷತ್ರಗಳ ನಡುವಿನ ಅಂತರ ಹಿಗ್ಗುತ್ತದೆ, ಎಳೆ ಇದ್ದಷ್ಟೇ ಇರುತ್ತದೆ. ಇಷ್ಟು ಅಚ್ಚುಕಟ್ಟಾದ ಯೋಚನೆ ಅದು. ಅಳತೆಯನ್ನು ಇನ್ನಷ್ಟು ಪ್ರಾಮಾಣಿಕ ಮಾಡಲೆಂದೇ ಬಾರ್ಲೋ ಲೆನ್ಸ್ ಬಂದದ್ದು. ಬೆಳಕು ಬಣ್ಣಬಣ್ಣವಾಗಿ ಒಡೆಯಬಾರದೆಂದು ಬಾರ್ಲೋ ಮತ್ತು ಡಾಲಂಡ್ ಅದನ್ನು ವರ್ಣದೋಷವಿಲ್ಲದಂತೆಯೇ ಮಾಡಿದರು. 1834ರಲ್ಲಿ! ನೀವು ಪೆಟ್ಟಿಗೆಗೆ ಹಾಕುವುದು ಪ್ಲಾಸ್ಟಿಕ್ ಕೊಳವೆಯ ತುದಿಗೆ ಸಿಕ್ಕಿಸಿದ ಒಂಟಿ ಮಸೂರ. ಚಂದ್ರನ ಅಂಚಿಗೆ ನೇರಳೆ, ಹಳದಿ ಕುಚ್ಚು ಕಟ್ಟುವುದು ಅದರಿಂದಲೇ.

ಅದು ಕೆಲಸ ಮಾಡುವ ಬಗೆ ಹತ್ತನೆಯ ತರಗತಿಯ ಬೆಳಕಿನ ಪಾಠ ಓದಿದವರಿಗೆ ಸುಲಭ. ಕನ್ನಡಿಯಿಂದ ಒಂದು ಬಿಂದುವಿನತ್ತ ಕೂಡುತ್ತ ಬರುವ ಕಿರಣಗಳನ್ನು ನಿಮ್ನ ಮಸೂರ ತುಸು ಅಗಲಿಸುತ್ತದೆ, ಹಾಗಾಗಿ ಅವು ಇನ್ನಷ್ಟು ದೂರ ಸಾಗಿ ಕೂಡುತ್ತವೆ. 2ಎಕ್ಸ್ ಬಾರ್ಲೋ ಆದರೆ, ಐಪೀಸಿನ ಪಾಲಿಗೆ 700 ಮಿ.ಮೀ. ಕೊಳವೆ 1400 ಮಿ.ಮೀ. ಕೊಳವೆಯಾಯಿತು. ಫೋಟೋಗ್ರಾಫರುಗಳ ಟೆಲಿಕನ್ವರ್ಟರ್ ಕೂಡ ಇದೇ ತತ್ವದ್ದು. ಎಷ್ಟು ಪಟ್ಟು ಎನ್ನುವುದು ಲೆನ್ಸಿಗೂ ಐಪೀಸಿಗೂ ನಡುವಿನ ದೂರಕ್ಕೆ ತಕ್ಕಂತೆ ಬದಲಾಗುತ್ತದೆ: ಆ ದೂರವನ್ನು ಬಾರ್ಲೋದ ಸಂಗಮ ದೂರದಿಂದ ಭಾಗಿಸಿ ಒಂದು ಕೂಡಿಸಿದರೆ ನಿಜವಾದ ಅಂಕಿ ಸಿಗುತ್ತದೆ. ಮೈಮೇಲೆ ಬರೆದ ‘2ಎಕ್ಸ್’ ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಸರಿ. ಇದು ತಿಳಿದರೆ ಒಂದೇ ಲೆನ್ಸಿನಿಂದ ಮೂರು ಕೆಲಸ ತೆಗೆಯಬಹುದು. ಹಲವು ಗಿಡ್ಡ ಬಾರ್ಲೋಗಳಲ್ಲಿ ಮಸೂರವಿರುವ ತುದಿಯನ್ನು ಬಿಚ್ಚಿ, ಐಪೀಸಿನಲ್ಲಿ ಫಿಲ್ಟರ್ ಕೂರಿಸುವ ತಿರುಪಿಗೆ ನೇರವಾಗಿ ತಿರುಗಿಸಿದರೆ ಸುಮಾರು ಒಂದೂವರೆ ಪಟ್ಟು ಬರುತ್ತದೆ. ಸರಿಯಾಗಿ ಜೋಡಿಸಿದರೆ ಎರಡು. ಮಸೂರದ ದೂರದರ್ಶಕದಲ್ಲಿ ಬೆಳಕನ್ನು ಐಪೀಸಿನತ್ತ ತಿರುಗಿಸುವ ಡಯಾಗನಲ್ ಕನ್ನಡಿಗೆ ಮೊದಲೇ ಇಟ್ಟರೆ ಹತ್ತಿರ ಹತ್ತಿರ ಮೂರು. ಉದ್ದನೆಯ ಬಾರ್ಲೋವನ್ನು ಡಯಾಗನಲ್ಲಿನೊಳಗೆ ಒತ್ತಿ ಇಳಿಸಬಾರದು, ಒಳಗಿನ ಕನ್ನಡಿಗೆ ತಗಲಿ ಗೀರು ಬೀಳುತ್ತದೆ. ಈ ಒಂದು ಸಾಲನ್ನು ನಿಮ್ಮ ಕೈಪಿಡಿಯಲ್ಲಿ ಹಾಕಿದರೂ ಎಷ್ಟೋ ಕನ್ನಡಿಗಳು ಉಳಿದಾವು.

ಈಗ ಇದನ್ನು ಓದುತ್ತಿರುವ ತಂದೆತಾಯಿಯರ ಕಡೆ ತಿರುಗಿ ಒಂದೆರಡು ಮಾತು ಹೇಳುತ್ತೇನೆ, ನೀವೂ ಕೇಳಿಸಿಕೊಳ್ಳಿ. ಮನೆಯಲ್ಲಿ ಆಗಲೇ ಆ ಪೆಟ್ಟಿಗೆ ಇದ್ದರೆ ಎಸೆಯಬೇಡಿ, ಕನ್ನಡಿ ಒಳ್ಳೆಯದೇ ಇರಬಹುದು. ಬಾರ್ಲೋವನ್ನು 4 ಮಿ.ಮೀ. ಜೊತೆ ಯಾವತ್ತೂ ಸೇರಿಸಬೇಡಿ. ಸೇರಿಸುವುದಾದರೆ 20 ಮಿ.ಮೀ. ಜೊತೆ ಸೇರಿಸಿ. ಮುಂದೆ ಎಂದಾದರೂ ಒಳ್ಳೆಯ 2ಎಕ್ಸ್ ಬಾರ್ಲೋ ಕೊಂಡರೆ 20 ಮಿ.ಮೀ. ಐಪೀಸು 70 ಪಟ್ಟು ಕೊಡುತ್ತದೆ, ಅದರಲ್ಲಿ ಶನಿಯ ಬಳೆ ಗ್ರಹದಿಂದ ಬೇರೆಯಾಗಿ ನಿಂತದ್ದು ಕಾಣುತ್ತದೆ, ಗುರುವಿನ ಎರಡು ಕಂದು ಪಟ್ಟೆಗಳು ಕಾಣುತ್ತವೆ. ಪಟ್ಟು ಹೆಚ್ಚಾಗುವುದಕ್ಕಿಂತಲೂ ನಾನು ಬಾರ್ಲೋವನ್ನು ಮೆಚ್ಚುವುದು ಕಣ್ಣಿಗೆ ಸಿಗುವ ಆರಾಮಕ್ಕಾಗಿ. ಪ್ಲೋಸಲ್ ಎಂಬ ಬಗೆಯ 6 ಮಿ.ಮೀ. ಐಪೀಸಿನಲ್ಲಿ ಕಣ್ಣನ್ನು ಗಾಜಿಗೆ 4 ಮಿ.ಮೀ.ನಷ್ಟು ಹತ್ತಿರ ಒಯ್ಯಬೇಕು, ರೆಪ್ಪೆ ಬಡಿಯುತ್ತದೆ, ಕನ್ನಡಕ ಹಾಕಿದವರಿಗಂತೂ ಆಗದ ಮಾತು. ಅದೇ ಬಗೆಯ 12 ಮಿ.ಮೀ. ಐಪೀಸಿಗೆ 2ಎಕ್ಸ್ ಬಾರ್ಲೋ ಸೇರಿಸಿದರೆ ಅದೇ ವರ್ಧನೆ ಸಿಗುತ್ತದೆ, ಕಣ್ಣಿಗೆ ಎರಡು ಪಟ್ಟಿಗೂ ಹೆಚ್ಚು ಜಾಗ ಸಿಗುತ್ತದೆ. ಐಪೀಸಿನ ಮುಂದೆ ನಿಲ್ಲಲು ಚಡಪಡಿಸುವ ಪುಟ್ಟ ಮಗುವಿಗೆ ಇದು ದೊಡ್ಡ ಉಪಕಾರ.

ಕೊಳ್ಳುವಾಗ 2ಎಕ್ಸ್ ತೆಗೆದುಕೊಳ್ಳಿ, 3 ಮತ್ತು 5 ಈಗ ಬೇಡ. ಎರಡು ಗಾಜು ಸೇರಿಸಿ ಮಾಡಿದ್ದಿರಲಿ, ಗಾಜಿನ ಎಲ್ಲ ಮೈಗೂ ಲೇಪನವಿರಲಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಲೇಪನವಿದ್ದ ಗಾಜಿನಲ್ಲಿ ಹಸಿರೋ ನೇರಳೆಯೋ ಮಂದ ಪ್ರತಿಬಿಂಬ ಕಾಣುತ್ತದೆ, ಲೇಪನವಿಲ್ಲದ್ದರಲ್ಲಿ ಬಿಳಿಯಾಗಿ ಹೊಳೆಯುತ್ತದೆ. ಕೊಳವೆಯ ಒಳಮೈ ಕಪ್ಪಾಗಿರಬೇಕು. ಮೈ ಲೋಹದ್ದಾಗಿರಲಿ, ನಿಮ್ಮ ಫೋಕಸರ್ 1.25 ಇಂಚಿನದ್ದೇ ಎಂದು ಮೊದಲೇ ಅಳೆದು ನೋಡಿ. ಹಳೆಯ ಚಿಕ್ಕ ಕೊಳವೆಗಳು 0.965 ಇಂಚಿನವು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಹಗಲಲ್ಲಿ ದೂರದ ಮೊಬೈಲ್ ಟವರಿನತ್ತ ತಿರುಗಿಸಿ ಪರೀಕ್ಷಿಸಿ: ಬಾರ್ಲೋ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ಟವರಿನ ಕಂಬಿ ದೊಡ್ಡದಾಗಬೇಕು, ಆದರೆ ಅದರ ಅಂಚು ಮೆತ್ತಗಾಗಬಾರದು, ಬಣ್ಣದ ಅಂಚು ಕಟ್ಟಬಾರದು.

ಇನ್ನೊಂದು ಕಡೆ ಜನ ಎಡವುತ್ತಾರೆ, ಐಪೀಸುಗಳ ಲೆಕ್ಕದಲ್ಲಿ. 20 ಮತ್ತು 10 ಮಿ.ಮೀ. ಐಪೀಸು ಇರುವವರು 2ಎಕ್ಸ್ ಬಾರ್ಲೋ ಕೊಂಡರೆ 20 ಹೋಗಿ 10 ಆಗುತ್ತದೆ, ಅದು ಮೊದಲೇ ಇತ್ತು. 25 ಮತ್ತು 10 ಇದ್ದರೆ 25, 12.5, 10, 5 ಎಂದು ನಾಲ್ಕು ಮೆಟ್ಟಿಲು. 130 ಮಿ.ಮೀ. ಕನ್ನಡಿ, 650 ಮಿ.ಮೀ. ಸಂಗಮ ದೂರದ ನ್ಯೂಟನ್ ದೂರದರ್ಶಕದಲ್ಲಿ ಇವು 26, 52, 65, 130 ಪಟ್ಟು ಕೊಡುತ್ತವೆ. ಸಂಗಮ ದೂರ ವ್ಯಾಸದ 5 ಪಟ್ಟು ಇರುವ ಅಂಥ ಎಫ್/5 ಕನ್ನಡಿಗೆ ಬಾರ್ಲೋ ಮತ್ತೊಂದು ರೀತಿಯಲ್ಲೂ ನೆರವಾಗುತ್ತದೆ: ಬೆಳಕಿನ ಶಂಕು ಎಫ್/10ರಷ್ಟು ಸಣ್ಣದಾಗುವುದರಿಂದ ಸಾಧಾರಣ ಐಪೀಸಿನಲ್ಲೂ ಅಂಚಿನ ನಕ್ಷತ್ರಗಳು ಮೊದಲಿಗಿಂತ ಚುಕ್ಕಿಯಾಗಿ ಕಾಣುತ್ತವೆ. ಕನ್ನಡಿಗಳ ಜೋಡಣೆ ಸರಿಯಿಲ್ಲದಿದ್ದರೆ ಮಾತ್ರ ಬಾರ್ಲೋ ಅದನ್ನೂ ಹಿಗ್ಗಿಸಿ ತೋರಿಸುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಮಕ್ಕಳು ದೊಡ್ಡವರಾಗಿ ಗ್ರಹಗಳ ವಿಡಿಯೋ ತೆಗೆಯತೊಡಗಿದಾಗ 3ಎಕ್ಸ್‌ಗೂ ಕೆಲಸ ಬರುತ್ತದೆ. ಕ್ಯಾಮೆರಾದ ಪಿಕ್ಸೆಲ್ 2.9 ಮೈಕ್ರಾನ್ ಆದರೆ ಅದರ ಐದು ಪಟ್ಟು, ಸುಮಾರು ಎಫ್/15 ಸಾಕು ಎಂಬುದು ಹವ್ಯಾಸಿಗಳ ಅಂದಾಜು. ಎಫ್/5 ಕನ್ನಡಿಗೆ 3ಎಕ್ಸ್ ಇಟ್ಟರೆ ಅದೇ ಸಿಗುತ್ತದೆ.

ನಮ್ಮ ನಾಡಿನವರಿಗೆ ಇದನ್ನೆಲ್ಲ ಹೇಳುವಾಗ ನನ್ನ ಉತ್ಸಾಹ ಹೆಚ್ಚುವುದಕ್ಕೆ ಕಾರಣವಿದೆ. ಬಾರ್ಲೋ ಪಾಠ ಹೇಳುತ್ತಿದ್ದ ವುಲಿಚ್ ಇರುವುದು 51.5 ಡಿಗ್ರಿ ಉತ್ತರದಲ್ಲಿ. ಗುರುವೋ ಶನಿಯೋ ಧನು ರಾಶಿಯ ಕಡೆ ಇರುವ ವರ್ಷಗಳಲ್ಲಿ ಆ ಗ್ರಹ ಅಲ್ಲಿನ ಆಕಾಶದಲ್ಲಿ ಸುಮಾರು 15 ಡಿಗ್ರಿಯಷ್ಟು ಮಾತ್ರ ಮೇಲೇರುತ್ತದೆ. ಅಷ್ಟು ಕೆಳಗೆ ಗಾಳಿಯ ದಪ್ಪ ಪದರದ ಮೂಲಕ ನೋಡಬೇಕಾಗಿ ಚಿತ್ರ ಕದಡಿಹೋಗುತ್ತದೆ. ಅದೇ ಗ್ರಹ ಅದೇ ವರ್ಷ 13 ಡಿಗ್ರಿಯ ಬೆಂಗಳೂರಿನಲ್ಲಿ 50 ಡಿಗ್ರಿ ದಾಟಿ ಏರುತ್ತದೆ, ಬೇರೆ ವರ್ಷಗಳಲ್ಲಿ ನೆತ್ತಿಗೇ ಬರುತ್ತದೆ. ಬಾರ್ಲೋನ ಊರಿನವರಿಗೆ ಸಿಗದ ಆಕಾಶ ನಮ್ಮ ಹಾಸನದ, ಉಡುಪಿಯ, ಕೋಲಾರದ ಮಕ್ಕಳ ತಲೆಯ ಮೇಲೇ ಇದೆ. ಬಾರ್ಲೋ ಲೆನ್ಸನ್ನು ಅದರ ಪೂರ್ತಿ ಬಲದಲ್ಲಿ ಬಳಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಕಾಂಕ್ರೀಟ್ ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಹಳ ಹೊತ್ತು ಉಗುಳುತ್ತಿರುತ್ತದೆ, ಆ ಬಿಸಿಗಾಳಿಯಲ್ಲಿ ಗ್ರಹ ನೀರಲ್ಲಿ ಅದ್ದಿದಂತೆ ಅಲುಗುತ್ತದೆ. ಸಾಧ್ಯವಿದ್ದರೆ ಅಂಗಳದ ಮಣ್ಣಿನ ಮೇಲೋ ಹುಲ್ಲಿನ ಮೇಲೋ ಇಡಿ, ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಿ, ಬಾರ್ಲೋವನ್ನು ರಾತ್ರಿ ಹೊತ್ತು ಏರಿದ ಮೇಲೆ ಹೊರತೆಗೆಯಿರಿ. ಗಾಳಿ ಬೀಸದ, ತುಸು ಮಬ್ಬಾದ ರಾತ್ರಿಗಳನ್ನು ಬಿಡಬೇಡಿ. ಮಂಕು ನಕ್ಷತ್ರಗಳಿಗೆ ಅವು ಕೆಟ್ಟವು, ಗ್ರಹಗಳಿಗೆ ಎಷ್ಟೋ ಸಲ ಅವೇ ಒಳ್ಳೆಯವು. ಮೊದಲು ಕಡಿಮೆ ವರ್ಧನೆಯಲ್ಲಿ ಗ್ರಹವನ್ನು ನಡುವೆ ತಂದುಕೊಂಡು, ಆಮೇಲೆ ಬಾರ್ಲೋ ಸೇರಿಸಿ. ಚಿತ್ರ ಕದಡಿದರೆ ಹಿಂದಕ್ಕೆ ಬನ್ನಿ, ಆ ರಾತ್ರಿಯ ಗಾಳಿ ಅಷ್ಟಕ್ಕೇ ಒಪ್ಪಿದೆ.

ಮಾನ್ಯರೇ, ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. ಕೆಲವು ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸುವ ಪುಟ್ಟ ಕಪ್ಪು ‘ಸೂರ್ಯನ ಫಿಲ್ಟರ್’ ಇನ್ನೂ ಬರುತ್ತದೆ. ಕನ್ನಡಿ ಕೂಡಿಸಿದ ಬಿಸಿಲೆಲ್ಲ ಆ ಗಾಜಿನ ಮೇಲೆ ಬಿದ್ದು ಅದು ಸಿಡಿದರೆ, ಕಣ್ಣು ಹೋಗುತ್ತದೆ. ಸೂರ್ಯನನ್ನು ನೋಡಲು ಕೊಳವೆಯ ಮುಂದಿನ ಬಾಯನ್ನೇ ಪೂರ್ತಿ ಮುಚ್ಚುವ ಪ್ರಮಾಣಿತ ಫಿಲ್ಟರ್ ಬೇಕು. ಆ ಚೂರನ್ನು ಪೆಟ್ಟಿಗೆಯಿಂದ ಇವತ್ತೇ ತೆಗೆದುಹಾಕಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಉಳಿದದ್ದು ನಿಧಾನವಾಗಿ ಆಗಲಿ, ಆದರೆ ಆಗಲಿ. 525 ಇದ್ದ ಜಾಗದಲ್ಲಿ 76 ಮಿ.ಮೀ. ಎಂದು ಅಷ್ಟೇ ದಪ್ಪವಾಗಿ ಬರೆಯಿರಿ, ಕೆಳಗೆ ‘ಉಪಯುಕ್ತ ವರ್ಧನೆ 150ರವರೆಗೆ’ ಎಂದು ಸೇರಿಸಿ. ನೌಕೆ ತೆಗೆದ ಶನಿಯ ಬದಲು ಆ ಕನ್ನಡಿಯಲ್ಲೇ ಕಾಣುವ, ಬಟಾಣಿಗಿಂತ ಚಿಕ್ಕ ಶನಿಯನ್ನು ಹಾಕಿ. ಅದರ ಸುತ್ತ ಇರುವ ಬಳೆಯನ್ನು ತನ್ನ ಕಣ್ಣಾರೆ ಕಂಡ ಯಾರೂ ಚಿಕ್ಕದಾಯಿತೆಂದು ದೂರಿದ್ದನ್ನು ನಾನು ಕೇಳಿಲ್ಲ. 20 ಮತ್ತು 4 ಮಿ.ಮೀ. ಐಪೀಸುಗಳ ಬದಲು 25 ಮತ್ತು 10 ಮಿ.ಮೀ. ಕೊಡಿ. ಬಾರ್ಲೋ ಕೊಡುವುದಾದರೆ ಎರಡು ಗಾಜಿನ 2ಎಕ್ಸ್ ಕೊಡಿ, ಆ ಬೆಲೆಗೆ ಆಗದಿದ್ದರೆ ಕೊಡಲೇಬೇಡಿ. ಉಳಿದ ದುಡ್ಡನ್ನು ಟ್ರೈಪಾಡಿನ ಕಾಲುಗಳಿಗೆ ಹಾಕಿ.

ಜೊತೆಗೆ ಕನ್ನಡದಲ್ಲಿ ಒಂದು ಹಾಳೆ ಇರಲಿ: ಮೊದಲ ರಾತ್ರಿ ಬಾರ್ಲೋ ಮುಟ್ಟದೆ 25 ಮಿ.ಮೀ.ನಲ್ಲಿ ಚಂದ್ರ, ಎರಡನೆಯ ವಾರ ಗುರು ಮತ್ತು ಅದರ ಚಂದ್ರರು, ಬಾರ್ಲೋ ಯಾವಾಗ, ಯಾವ ಐಪೀಸಿನ ಜೊತೆ, ಯಾವಾಗ ಬೇಡ. ಎರಡು ಪುಟ ಸಾಕು. ಅದನ್ನು ಬರೆದುಕೊಡಲು ನಾನು ಸಿದ್ಧ, ಹಣ ಬೇಡ. ಕರಡು ಕಳುಹಿಸಿದ ಮೇಲೆ ನಿಮ್ಮ ಪೆಟ್ಟಿಗೆಯ ಐಪೀಸುಗಳ ಅಳತೆಗೆ ತಕ್ಕಂತೆ ಅಂಕಿಗಳನ್ನು ತಿದ್ದಿಕೊಂಡರಾಯಿತು.

ಇಂತಿ,
ತಾರಸಿಯಲ್ಲಿ ಸಾಲು ನಿಂತ ಮಕ್ಕಳ ಪರವಾಗಿ,
ಒಬ್ಬ ಹವ್ಯಾಸಿ ಆಕಾಶ ವೀಕ್ಷಕ